ಒಂದು '=' ಚಿಹ್ನೆಯ ಸಂಚು: ಲಿನಕ್ಸ್ ಕರ್ನಲ್ ಪಾರಾದದ್ದು ಹೇಗೆ?

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಹೃದಯಭಾಗ. ಮೆಮೊರಿ, ಫೈಲು, ಬಳಕೆದಾರರ ಅಧಿಕಾರ ಎಲ್ಲವೂ ಇದರ ಕೈಯಲ್ಲಿ. ನಮ್ಮ ಆಂಡ್ರಾಯ್ಡ್ ಮೊಬೈಲ್‌ಗಳ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಕಳಿಸಬಹುದು. ಆದರೆ ಆಯಾ ವಿಭಾಗದ ಉಸ್ತುವಾರಿಗಳು ಪರಿಶೀಲಿಸಿ ಒಪ್ಪಿದ ಮೇಲೆಯೇ ಅದು ಒಳಗೆ ಸೇರುವುದು.

2003ರ ನವೆಂಬರ್‌ನಲ್ಲಿ ಈ ದಾರಿ ತಪ್ಪಿಸುವ ಪ್ರಯತ್ನ ನಡೆಯಿತು. ಆಗ ಮೂಲ ಕೋಡ್ ಬಿಟ್‌ಕೀಪರ್ ಎಂಬ ವ್ಯವಸ್ಥೆಯಲ್ಲಿತ್ತು, ಅದರ ಒಂದು ನಕಲು ಸಿವಿಎಸ್ ಸರ್ವರ್‌ನಲ್ಲಿತ್ತು. ಯಾರೋ ಆ ಸರ್ವರ್‌ಗೆ ನುಗ್ಗಿ ನಕಲಿನಲ್ಲಿ ಎರಡು ಸಾಲು ಸೇರಿಸಿದ್ದರು.

ನೋಡಲು ಅದು ಮಾಮೂಲಿ ತಪಾಸಣೆ: ಬಳಕೆದಾರನ ಸಂಖ್ಯೆ 0 ಹೌದಾ, ಅಲ್ವಾ? ಸಿ ಭಾಷೆಯಲ್ಲಿ ಹೀಗೆ ಹೋಲಿಸಲು '==' ಬೇಕು. ಅಲ್ಲಿದ್ದದ್ದು ಒಂದೇ '='. ಅದು ಹೋಲಿಸುವುದಿಲ್ಲ, ಸಂಖ್ಯೆಯನ್ನೇ 0 ಮಾಡಿಬಿಡುತ್ತದೆ. 0 ಅಂದರೆ ರೂಟ್, ಇಡೀ ಯಂತ್ರದ ಯಜಮಾನ. ಗುಟ್ಟು ಗೊತ್ತಿದ್ದ ಸಾಮಾನ್ಯ ಬಳಕೆದಾರನೂ ಹೀಗೆ ಯಜಮಾನನಾಗಬಹುದಿತ್ತು.

ಮೂಲವನ್ನೂ ನಕಲನ್ನೂ ತಾಳೆ ನೋಡಿದಾಗ ವ್ಯತ್ಯಾಸ ಸಿಕ್ಕಿತು. ಆ ಬದಲಾವಣೆಗೆ ಒಪ್ಪಿಗೆಯ ದಾಖಲೆಯೇ ಇಲ್ಲ ಎಂದು ಬಿಟ್‌ಕೀಪರ್‌ನ ಲ್ಯಾರಿ ಮೆಕ್‌ವೋಯ್ ತಿಳಿಸಿದರು. ಉಳಿದ ಡೆವಲಪರ್‌ಗಳು ಸಾಲು ಸಾಲು ಓದಿ ಸಂಚನ್ನು ಗುರುತಿಸಿದರು. ಮೂಲ ಕೋಡಿಗೆ ಏನೂ ಆಗಲಿಲ್ಲ.

ಕೋಡ್ ಎಲ್ಲರಿಗೂ ತೆರೆದಿದ್ದರಷ್ಟೇ ಸಾಲದು. ಅಂಗಡಿ ಲೆಕ್ಕದ ಹಾಗೆ, ಪ್ರತಿ ನಮೂದಿನ ಹಿಂದೆ ಯಾರು ಬರೆದರು, ಯಾರು ಒಪ್ಪಿದರು ಎಂಬುದು ಇರಬೇಕು. ತಾಳೆ ನೋಡುವವರೂ ಇರಬೇಕು.