ಅರವತ್ತು ದಾಟಿದವರ ಚಳಿಗಾಲದ ಲೀಗ್

ಜರ್ಮನಿಯ ಸಣ್ಣ ಊರಿನ ಟೆನಿಸ್ ಕ್ಲಬ್ಬೊಂದರ ತಂಡಗಳ ಪಟ್ಟಿ ನೋಡಿದರೆ ಹೆಸರಿನ ಪಕ್ಕ ಒಂದು ಸಂಖ್ಯೆ ಕಾಣುತ್ತದೆ. ಪುರುಷರು 40, ಮಹಿಳೆಯರು 50, ಪುರುಷರು 65, ಪುರುಷರು 70. ಇದು ತಂಡದ ಕ್ರಮಸಂಖ್ಯೆ ಅಲ್ಲ, ಆಟಗಾರರ ವಯಸ್ಸು. ಅಷ್ಟು ವಯಸ್ಸು ಮುಟ್ಟಿದವರಿಗೆ ಮಾತ್ರ ಆ ತಂಡದಲ್ಲಿ ಜಾಗ. 67 ವರ್ಷದವರು ಬೇಕಾದರೆ 50ರ ತಂಡಕ್ಕೆ ಇಳಿದು ಆಡಬಹುದು. 48ರವರು ಎಷ್ಟೇ ಚೆನ್ನಾಗಿ ಆಡಿದರೂ 65ರ ತಂಡಕ್ಕೆ ಹತ್ತುವಂತಿಲ್ಲ.

ಇವು ಹಬ್ಬದ ದಿನ ಹಿರಿಯರಿಗೆಂದು ಇಡುವ ಮಡಿಕೆ ಒಡೆಯುವ ಆಟದಂಥವಲ್ಲ. ಇಲ್ಲಿ ಮೇಲಿನ ದರ್ಜೆ, ಕೆಳಗಿನ ದರ್ಜೆ ಎಲ್ಲ ಇವೆ. ಗೆದ್ದ ತಂಡ ಮೇಲಕ್ಕೆ ಹೋಗುತ್ತದೆ, ಸೋತದ್ದು ಕೆಳಗಿಳಿಯುತ್ತದೆ. ಹೊರಗೆ ಹಿಮ ಬೀಳುವ ಕಾಲದಲ್ಲೂ ಇದು ನಿಲ್ಲುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ನಲವತ್ತಕ್ಕೆಲ್ಲ ಕಬಡ್ಡಿ ಆಟಗಾರ ಬಹುಮಾನ ಕೊಡುವ ಅತಿಥಿಯಾಗಿಬಿಡುತ್ತಾನೆ. ಅಲ್ಲಿ 70 ದಾಟಿದವರೂ ಅಂಕಪಟ್ಟಿಯಲ್ಲಿ ತಮ್ಮ ಸ್ಥಾನ ಯಾವುದೆಂದು ಹುಡುಕುತ್ತಿರುತ್ತಾರೆ. ಇದು ಹೇಗೆ ಬೆಳೆದು ಬಂತು ಎಂಬುದನ್ನು ಈ ಬಾರಿ ಹೇಳಬೇಕೆನಿಸಿತು. ಯಾಕೆಂದರೆ ಇದರ ಹಿಂದೆ ಆಟದ ಕಥೆಗಿಂತ ಸಂಘದ ಕಥೆ ದೊಡ್ಡದು.

1874ರಲ್ಲಿ ಇಂಗ್ಲೆಂಡಿನ ಮೇಜರ್ ವಿಂಗ್‌ಫೀಲ್ಡ್ ಎಂಬಾತ ಲಾನ್ ಟೆನಿಸ್ ಸಾಮಾನಿನ ಪೆಟ್ಟಿಗೆಗೆ ಪೇಟೆಂಟ್ ಪಡೆದ. ಜರ್ಮನಿಯ ಬಿಸಿನೀರ ಬುಗ್ಗೆಗಳ ಊರುಗಳಿಗೆ ಆರೋಗ್ಯಕ್ಕೆಂದು ಬರುತ್ತಿದ್ದ ಇಂಗ್ಲಿಷ್ ಸಾಹೇಬರು ಕೆಲವೇ ವರ್ಷಗಳಲ್ಲಿ ಆ ಆಟವನ್ನೂ ಜೊತೆಗೆ ತಂದರು. 1881ರಲ್ಲಿ ಬಾಡೆನ್-ಬಾಡೆನ್‌ನಲ್ಲಿ ದೇಶದ ಮೊದಲ ಟೆನಿಸ್ ಕ್ಲಬ್ ಹುಟ್ಟಿತು. ಆಗ ಇದು ಪೂರ್ತಿ ಶ್ರೀಮಂತರ ಆಟ. ಬಿಳಿ ಬಟ್ಟೆ ತೊಟ್ಟು ಆಡುತ್ತಿದ್ದರಿಂದ ಬಿಳಿಯ ಕ್ರೀಡೆ ಎಂಬ ಹೆಸರೇ ಬಿದ್ದಿತ್ತು. ಆ ಬಿಳಿ ಬಣ್ಣ ಕ್ಲಬ್ಬುಗಳ ಹೆಸರಿನಲ್ಲಿ ಇನ್ನೂ ಉಳಿದಿದೆ: ಕೆಂಪು-ಬಿಳಿ, ನೀಲಿ-ಬಿಳಿ, ಹಸಿರು-ಬಿಳಿ. ಪಕ್ಕದೂರಿನ ಕ್ಲಬ್ಬಿಗೂ ನಮ್ಮದಕ್ಕೂ ಹೆಸರು ಒಂದೇ ಎಂಬ ಗೊಂದಲ ಅಲ್ಲಿ ಮಾಮೂಲು.

1892ರಲ್ಲಿ ಮೊದಲ ಜರ್ಮನ್ ಚಾಂಪಿಯನ್‌ಷಿಪ್ ನಡೆದದ್ದು ಹ್ಯಾಂಬರ್ಗ್‌ನಲ್ಲಿ, ಅದೂ ಊರಿನಲ್ಲಿ ಕಾಲರಾ ಹಬ್ಬಿದ್ದಾಗ. ಆಡಿದ ಜಾಗ ಐಸ್ ಸ್ಕೇಟಿಂಗ್ ಸಂಘವೊಂದರದು. ಆ ಕಾಲದ ಲೆಕ್ಕಾಚಾರ ಹಾಗಿತ್ತು: ಬೇಸಿಗೆಯಲ್ಲಿ ಟೆನಿಸ್ ಆಡು, ಚಳಿಗಾಲದಲ್ಲಿ ಅದೇ ಜಾಗಕ್ಕೆ ನೀರು ಬಿಟ್ಟು ಹೆಪ್ಪುಗಟ್ಟಿಸಿ ಮಂಜಿನ ಮೇಲೆ ಜಾರು. ಚಳಿಗಾಲದ ಟೆನಿಸ್ ಎಂಬ ಮಾತೇ ಸಾಮಾನ್ಯರಿಗೆ ಇರಲಿಲ್ಲ.

1902ರಲ್ಲಿ ಬರ್ಲಿನ್‌ನಲ್ಲಿ ಜರ್ಮನ್ ಟೆನಿಸ್ ಒಕ್ಕೂಟ ಸ್ಥಾಪನೆಯಾಯಿತು. ಮೊದಲ ಅಧ್ಯಕ್ಷ ಹ್ಯಾಂಬರ್ಗ್‌ನ ಕಾರ್ಲ್ ಆಗಸ್ಟ್ ಫಾನ್ ಡೆರ್ ಮೇಡನ್. ಕ್ಲಬ್ಬುಗಳ ನಡುವಿನ ತಂಡ ಪಂದ್ಯಗಳನ್ನು ಈಗಲೂ ಅನೇಕ ಕಡೆ ಮೇಡನ್ ಪಂದ್ಯಗಳೆಂದೇ ಕರೆಯುತ್ತಾರೆ. ಅಲ್ಲಿನ ಕಾನೂನಿನಲ್ಲಿ ಸಂಘ ನೋಂದಾಯಿಸಲು ಕನಿಷ್ಠ ಏಳು ಸದಸ್ಯರು ಬೇಕು. ನಮ್ಮ ಯುವಕ ಸಂಘ, ಮಹಿಳಾ ಸಂಘಗಳನ್ನು ನೋಂದಾಯಿಸಿದವರಿಗೆ ಈ ಏಳರ ಲೆಕ್ಕ ಗೊತ್ತೇ ಇರುತ್ತದೆ. ಅಧ್ಯಕ್ಷ, ಖಜಾಂಚಿ, ವಾರ್ಷಿಕ ಸಭೆ, ಆ ಸಭೆಯಲ್ಲಿ ಜಗಳ, ಎಲ್ಲ ಅಲ್ಲೂ ಇವೆ.

ಈಗ ನೆಲದ ವಿಷಯಕ್ಕೆ ಬರೋಣ, ಯಾಕೆಂದರೆ ಚಳಿಗಾಲದ ಲೀಗ್ ಹುಟ್ಟಿದ್ದೇ ನೆಲದ ಕಾರಣಕ್ಕೆ. ಜರ್ಮನಿಯ ಹೆಚ್ಚಿನ ಕ್ಲಬ್ಬುಗಳದು ಕೆಂಪು ಮಣ್ಣಿನ ಅಂಕಣ. ಮಣ್ಣು ಎನ್ನುವುದು ಮಾತಿಗೆ ಮಾತ್ರ, ನಿಜಕ್ಕೂ ಅದು ಇಟ್ಟಿಗೆ ಪುಡಿ. ಮಂಗಳೂರು ಹೆಂಚನ್ನು ನುಣ್ಣಗೆ ಕುಟ್ಟಿದರೆ ಹೇಗಿರುತ್ತದೋ ಹಾಗೆ. (ಮಂಗಳೂರಿನ ಮೊದಲ ಹೆಂಚಿನ ಕಾರ್ಖಾನೆಯನ್ನು 1865ರಲ್ಲಿ ತೆರೆದದ್ದೂ ಬಾಸೆಲ್ ಮಿಷನ್ನಿನ ಜರ್ಮನ್ ಮಾತನಾಡುವವರೇ. ಅದು ಬೇರೆ ಕಥೆ.) 1880ರ ಸುಮಾರಿಗೆ ಇಂಗ್ಲೆಂಡಿನ ರೆನ್‌ಷಾ ಸಹೋದರರು ಫ್ರಾನ್ಸಿನ ಕಾನ್ ಊರಿನಲ್ಲಿ ಬಿಸಿಲಿಗೆ ಒಣಗುತ್ತಿದ್ದ ಹುಲ್ಲಿನ ಮೇಲೆ ಮಡಿಕೆ ಚೂರುಗಳ ಪುಡಿ ಹರಡಿದರಂತೆ. ಯುರೋಪಿನ ಕೆಂಪು ಅಂಕಣಗಳ ಕಥೆಯನ್ನು ಅಲ್ಲಿಂದ ಶುರು ಮಾಡುವುದು ವಾಡಿಕೆ.

ಈ ಪುಡಿಗೆ ಬಿಸಿಲು ತೊಂದರೆ ಕೊಡುವುದಿಲ್ಲ, ಕೊರೆಯುವ ಚಳಿ ಕೊಡುತ್ತದೆ. ಪದರದೊಳಗಿನ ತೇವ ಹೆಪ್ಪುಗಟ್ಟಿ ಉಬ್ಬುತ್ತದೆ, ಗಟ್ಟಿಯಾಗಿದ್ದ ಮೇಲ್ಮೈ ಸಡಿಲಾಗಿ ಪುಡಿಪುಡಿಯಾಗುತ್ತದೆ. ಹಾಗಾಗಿ ಅಕ್ಟೋಬರ್ ಹೊತ್ತಿಗೆ ಬಲೆ ಬಿಚ್ಚಿ ಒಳಗಿಡುತ್ತಾರೆ. ಏಪ್ರಿಲ್‌ವರೆಗೆ ಅಂಕಣ ಖಾಲಿ. ಚಳಿಗಾಲದಲ್ಲಿ ಆಡಬೇಕೆಂದರೆ ಸೂರು ಬೇಕು. ಆ ಸೂರು ಎಲ್ಲರ ಕೈಗೆಟುಕಲು ಬಹಳ ಕಾಲ ಹಿಡಿಯಿತು.

ನಡುವೆ ಈ ಕ್ಲಬ್ಬುಗಳ ಇತಿಹಾಸದಲ್ಲಿ ಮುಚ್ಚಿಡಲಾಗದ ಒಂದು ಅಧ್ಯಾಯವಿದೆ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ದೇಶದ ಅಗ್ರ ಆಟಗಾರರಲ್ಲಿ ಒಬ್ಬ ಡೇನಿಯಲ್ ಪ್ರೆನ್. ಆತ ಯಹೂದಿ. ಅದೇ ವರ್ಷ ಒಕ್ಕೂಟ ಆತನನ್ನು ಡೇವಿಸ್ ಕಪ್ ತಂಡದಿಂದ ಹೊರಗಿಟ್ಟಿತು, ಆತ ಇಂಗ್ಲೆಂಡಿಗೆ ಹೋಗಿ ನೆಲೆಸಿದ. ಊರೂರಿನ ಕ್ಲಬ್ಬುಗಳಿಂದಲೂ ಯಹೂದಿ ಸದಸ್ಯರನ್ನು ಹೊರದಬ್ಬಲಾಯಿತು. ಸದಸ್ಯತ್ವದ ಪುಸ್ತಕದಿಂದ ಹೆಸರು ಹೊಡೆದು ಹಾಕಿದವರು ಹೊರಗಿನವರಲ್ಲ, ಅದೇ ಕ್ಲಬ್ಬಿನ ಪದಾಧಿಕಾರಿಗಳು, ನಿನ್ನೆವರೆಗೆ ಜೊತೆಗೆ ಡಬಲ್ಸ್ ಆಡಿದವರು. ಸಂಘ ಎಂದರೆ ಬರೀ ಒಳ್ಳೆಯದು ಎಂದು ಹಾಡಿ ಹೊಗಳುವವರು ಇದನ್ನೂ ಓದಬೇಕು.

ಪ್ರೆನ್ ಜೊತೆ ದೇಶಕ್ಕಾಗಿ ಆಡಿದ್ದವನು ಗಾಟ್‌ಫ್ರೀಡ್ ಫಾನ್ ಕ್ರಾಮ್. 1934 ಮತ್ತು 1936ರಲ್ಲಿ ಫ್ರೆಂಚ್ ಚಾಂಪಿಯನ್. ನಾಜಿ ಪಕ್ಷಕ್ಕೆ ಸೇರಲಿಲ್ಲ. 1938ರಲ್ಲಿ ಸಲಿಂಗ ಸಂಬಂಧದ ಆರೋಪ ಹೊರಿಸಿ ಆತನನ್ನು ಜೈಲಿಗೆ ಹಾಕಿದರು. ಯುದ್ಧ ಮುಗಿದು, ಊರುಗಳೆಲ್ಲ ಕಲ್ಲುಮಣ್ಣಿನ ರಾಶಿಯಾಗಿದ್ದ ಕಾಲದಲ್ಲಿ ಆತ ಮತ್ತೆ ಅಂಕಣಕ್ಕೆ ಬಂದ. 1948ರಲ್ಲಿ, ಆಮೇಲೆ 1949ರಲ್ಲಿ, ಜರ್ಮನ್ ಚಾಂಪಿಯನ್‌ಷಿಪ್ ಗೆದ್ದ. ಎರಡನೆಯದನ್ನು ಗೆದ್ದಾಗ ವಯಸ್ಸು ನಲವತ್ತು. ಡೇವಿಸ್ ಕಪ್‌ನಲ್ಲಿ 1953ರವರೆಗೂ ಆಡಿದ.

ವಯಸ್ಸಾದವರ ಟೆನಿಸ್‌ಗೆ ಅಂತರರಾಷ್ಟ್ರೀಯ ರೂಪ ಸಿಕ್ಕಿದ್ದು 1958ರಲ್ಲಿ. 45 ತುಂಬಿದ ಗಂಡಸರಿಗಾಗಿ ದೇಶ ದೇಶಗಳ ನಡುವೆ ಡಬ್ಲರ್ ಕಪ್ ಆರಂಭವಾಯಿತು. ಆಮೇಲೆ ಒಂದೊಂದೇ ವಯಸ್ಸಿಗೆ ಒಂದೊಂದು ಕಪ್ ಬಂತು. 60 ತುಂಬಿದವರ ಕಪ್‌ಗೆ ಇಟ್ಟ ಹೆಸರು ಫಾನ್ ಕ್ರಾಮ್ ಕಪ್. ತನ್ನ ದೇಶವೇ ಜೈಲಿಗೆ ತಳ್ಳಿದ್ದ ಮನುಷ್ಯನ ಹೆಸರು. ಈ ವರ್ಗಕ್ಕೆ ಮೊದಲು ವೆಟರನ್ ಎನ್ನುತ್ತಿದ್ದರು, ಆಮೇಲೆ ಸೀನಿಯರ್ ಎಂದರು, ಈಗ ಮಾಸ್ಟರ್ಸ್ ಎನ್ನುತ್ತಾರೆ. ಹೆಸರು ಬದಲಾದಷ್ಟು ಮಂಡಿನೋವು ಬದಲಾಗಿಲ್ಲ.

ಇಷ್ಟಾದರೂ ಊರ ಕ್ಲಬ್ಬಿನ ಮಟ್ಟದಲ್ಲಿ ಇಂದಿನ ಗಾತ್ರದ ಹಿರಿಯರ ಲೀಗ್ ಬರಲು ಒಬ್ಬ ಹುಡುಗ ಬೇಕಾದ. 1985ರ ಜುಲೈ 7ರಂದು 17 ವರ್ಷದ ಬೋರಿಸ್ ಬೆಕರ್ ವಿಂಬಲ್ಡನ್ ಗೆದ್ದ. ಆತ ಹೈಡೆಲ್‌ಬರ್ಗ್ ಪಕ್ಕದ ಲೈಮನ್ ಎಂಬ ಸಣ್ಣ ಊರಿನವನು. ಅಲ್ಲಿಗೆ ಹತ್ತಿರದ ಬ್ರೂಲ್ ಎಂಬ ಇನ್ನೊಂದು ಸಣ್ಣ ಊರಿನಲ್ಲಿ ಬೆಳೆದ ಸ್ಟೆಫಿ ಗ್ರಾಫ್ 1988ರಲ್ಲಿ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಜೊತೆಗೆ ಒಲಿಂಪಿಕ್ಸ್ ಚಿನ್ನ ಗೆದ್ದಳು. ದೇಶಕ್ಕೆ ದೇಶವೇ ರಾಕೆಟ್ ಹಿಡಿಯಿತು. ಹಳ್ಳಿಗಳ ಅಂಚಿನಲ್ಲಿ, ಫುಟ್ಬಾಲ್ ಮೈದಾನದ ಪಕ್ಕದಲ್ಲಿ ಅಂಕಣಗಳು ಎದ್ದವು. ತಗಡಿನ ದೊಡ್ಡ ಹಾಲ್‌ಗಳು ಬಂದವು. ದುಡ್ಡು ಕಡಿಮೆ ಇದ್ದ ಕೆಲವು ಕ್ಲಬ್ಬುಗಳು ಚಳಿಗಾಲದಲ್ಲಿ ಅಂಕಣದ ಮೇಲೆ ಗಾಳಿ ತುಂಬಿದ ಪ್ಲಾಸ್ಟಿಕ್ ಗುಮ್ಮಟ ಎಬ್ಬಿಸಿದವು. 1990ರ ದಶಕದ ಮಧ್ಯದಲ್ಲಿ ಒಕ್ಕೂಟದ ಸದಸ್ಯರು ಸುಮಾರು 23 ಲಕ್ಷ.

ಆ ಅಲೆಯಲ್ಲಿ ಮೂವತ್ತರ ಆಸುಪಾಸಿನಲ್ಲಿ ಸೇರಿದವರು ಈಗ ಎಪ್ಪತ್ತರ ಆಸುಪಾಸಿನವರು. ಬೆಕರ್‌ನನ್ನು ಟಿವಿಯಲ್ಲಿ ನೋಡಿ ಕುಣಿದ ಮಕ್ಕಳು 50ರ ತಂಡದಲ್ಲಿದ್ದಾರೆ. ಒಂದು ಪೀಳಿಗೆ ಕ್ಲಬ್ಬಿನೊಳಗೆ ಹಾಗೇ ವಯಸ್ಸಾಗುತ್ತಾ ಬಂತು, ಕ್ಲಬ್ಬು ಅವರ ಹಿಂದೆಯೇ ಹೊಸ ಹೊಸ ವಯಸ್ಸಿನ ವಿಭಾಗ ತೆರೆಯುತ್ತಾ ಬಂತು. ನಮಗೆ ಕಾಣುವಂತೆ ಇದರ ಗುಟ್ಟು ಇರುವುದು ಇಲ್ಲೇ. ಹಿರಿಯರಿಗೆ ಗೌರವ ಕೊಡಬೇಕು ಎಂದು ಯಾರೂ ಭಾಷಣ ಮಾಡಲಿಲ್ಲ. ವೇಳಾಪಟ್ಟಿಯಲ್ಲಿ ಅವರಿಗೊಂದು ಸಾಲು ಬರೆದರು.

ಚಳಿಗಾಲದ ಪಂದ್ಯ ಹೇಗೆ ನಡೆಯುತ್ತದೆ ಎಂದು ಹೇಳದಿದ್ದರೆ ಈ ಕಥೆ ಅರ್ಧವೇ. ಬೇಸಿಗೆಯಲ್ಲಿ ದೊಡ್ಡ ತಂಡವೆಂದರೆ ಆರು ಜನ. ಆರು ಸಿಂಗಲ್ಸ್, ಮೂರು ಡಬಲ್ಸ್, ಒಟ್ಟು ಒಂಬತ್ತು. ಹಾಗಾಗಿ ಸಮ ಆಗುವ ಮಾತಿಲ್ಲ. ಚಳಿಗಾಲದಲ್ಲಿ ಹಾಲ್ ಬಾಡಿಗೆ ಗಂಟೆ ಲೆಕ್ಕದಲ್ಲಿ, ಅದಕ್ಕೇ ನಾಲ್ಕೇ ಜನ: ನಾಲ್ಕು ಸಿಂಗಲ್ಸ್, ಎರಡು ಡಬಲ್ಸ್. ಈಗ 3-3 ಸಮ ಆಗಬಹುದು, ಎಷ್ಟೋ ಸಲ ಆಗುತ್ತದೆ. ಸಿಂಗಲ್ಸ್ ಮುಗಿದು 2-2 ಆದಾಗ ಎರಡೂ ತಂಡದವರು ಮೂಲೆಗೆ ಹೋಗಿ ಕಾಗದ ಹಿಡಿದು ಕೂರುತ್ತಾರೆ. ಜೋಡಿ ಕಟ್ಟಲು ನಿಯಮವಿದೆ: ಆಟಗಾರರ ಕ್ರಮಸಂಖ್ಯೆ ಕೂಡಿದಾಗ ಮೊದಲ ಜೋಡಿಯ ಮೊತ್ತ ಎರಡನೆಯದಕ್ಕಿಂತ ಹೆಚ್ಚಿರಬಾರದು. ಒಂದನೆಯವ ಮತ್ತು ಎರಡನೆಯವ ಸೇರಿದರೆ ಒಂದು ಗೆಲುವು ಹೆಚ್ಚುಕಡಿಮೆ ಖಚಿತ, ಇನ್ನೊಂದು ಕೈಬಿಟ್ಟಂತೆ. ಒಂದು-ನಾಲ್ಕು, ಎರಡು-ಮೂರು ಮಾಡಿದರೆ ಎರಡನ್ನೂ ಗೆಲ್ಲಬಹುದು, ಎರಡನ್ನೂ ಸೋಲಬಹುದು. ಯಾರ ಸೊಂಟ ಹಿಡಿದಿದೆ, ಎದುರಿನವರಲ್ಲಿ ಯಾರಿಗೆ ಸುಸ್ತಾಗಿದೆ, ಎಲ್ಲ ಈ ಲೆಕ್ಕದಲ್ಲಿ ಬರುತ್ತದೆ.

ಇಬ್ಬರೂ ಒಂದೊಂದು ಸೆಟ್ ಗೆದ್ದರೆ ಮೂರನೆಯದನ್ನು ಪೂರ್ತಿ ಆಡುವುದಿಲ್ಲ, ಹತ್ತು ಅಂಕಗಳ ಟೈಬ್ರೇಕ್. ಹಾಲ್‌ನ ಬಾಡಿಗೆಯೂ ಉಳಿಯುತ್ತದೆ, ಮಂಡಿಯೂ ಉಳಿಯುತ್ತದೆ.

ಇನ್ನೊಂದು ವಿಷಯ ನಮಗೆ ತುಂಬ ಹಿಡಿಸಿತು. ಈ ಮಟ್ಟದಲ್ಲಿ ಅಂಪೈರ್ ಇಲ್ಲ. ತನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಟಗಾರನೇ ಹೇಳಬೇಕು. ಬೇಸಿಗೆಯ ಇಟ್ಟಿಗೆ ಪುಡಿಯಲ್ಲಿ ಚೆಂಡಿನ ಗುರುತು ಉಳಿಯುತ್ತದೆ. ಅನುಮಾನ ಬಂದರೆ ಬಂದು ನೋಡು ಎಂದು ಬೆರಳು ತೋರಿಸಬಹುದು. ಚಳಿಗಾಲದ ಅನೇಕ ಹಾಲ್‌ಗಳಲ್ಲಿ ಕಾರ್ಪೆಟ್ ನೆಲ. ಅಲ್ಲಿ ತೋರಿಸಲು ಅಂಥ ಗುರುತಿಲ್ಲ, ಎದುರಿನವನ ಮಾತೇ ಸಾಕ್ಷಿ. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಅದೇ ಅಕ್ಕಪಕ್ಕದ ಊರಿನವರೊಂದಿಗೇ ಆಡಬೇಕು. ಪಂದ್ಯ ಮುಗಿದ ಮೇಲೆ ಆತಿಥೇಯ ತಂಡ ಬಂದವರಿಗೆ ಊಟ ಹಾಕುವುದು ಪದ್ಧತಿ. ಸುಳ್ಳು ಹೇಳಿ ಅಂಕ ಕದ್ದವನು ಅದೇ ಮೇಜಿಗೆ ಎದುರಾಗಿ ಕೂರಬೇಕಾಗುತ್ತದೆ.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸಾವಿರಾರು ಜನರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಏನೂ ಆಡದವರಿಗಿಂತ ಟೆನಿಸ್ ಆಡುವವರ ಆಯಸ್ಸು 9.7 ವರ್ಷ ಹೆಚ್ಚೆಂದು ಅದರಲ್ಲಿ ಕಂಡಿತು. ಬ್ಯಾಡ್ಮಿಂಟನ್‌ಗೆ 6.2 ವರ್ಷ. ಈ ಸುದ್ದಿ ವಾಟ್ಸಾಪ್‌ನಲ್ಲಿ ಟೆನಿಸ್ ಆಡಿ ಹತ್ತು ವರ್ಷ ಹೆಚ್ಚು ಬದುಕಿ ಎಂದು ಓಡಾಡಿದರೆ ಪೂರ್ತಿ ನಂಬಬೇಡಿ. ಟೆನಿಸ್ ಆಡುವವರು ಸಾಮಾನ್ಯವಾಗಿ ಉಳ್ಳವರು, ಅವರ ಆಸ್ಪತ್ರೆ, ಊಟ ಎಲ್ಲ ಚೆನ್ನಾಗಿರುತ್ತದೆ. ಆದರೆ ಜೊತೆಗಾರರು ಬೇಕೇ ಬೇಕಾದ ಆಟಗಳು ಮುಂದಿವೆ ಎಂಬುದನ್ನು ಅಧ್ಯಯನ ಮಾಡಿದವರೂ ಗುರುತಿಸಿದ್ದಾರೆ. ಸಂಜೆ ನಾಲ್ಕೂವರೆಗೇ ಕತ್ತಲಾಗುವ ಡಿಸೆಂಬರಿನಲ್ಲಿ, ಹೆಂಡತಿಯೋ ಗಂಡನೋ ತೀರಿಕೊಂಡು ಒಂಟಿಯಾದವರಿಗೆ ಶನಿವಾರ ಮಧ್ಯಾಹ್ನ ಎರಡಕ್ಕೆ ಹಾಲ್‌ಗೆ ಬಾ ಎಂಬ ಸಂದೇಶದ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ವಯಸ್ಸಿನ ಮಾತು ಬಂದಾಗ ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರನ್ನು ಬಿಡುವ ಹಾಗಿಲ್ಲ. 2017ರಲ್ಲಿ ಅದೇ ಕೆಂಪು ಪುಡಿಯ ಮೇಲೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದವರು, 2024ರ ಜನವರಿಯಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಜಗತ್ತಿನ ಒಂದನೇ ಸ್ಥಾನಕ್ಕೇರಿದರು. ಜರ್ಮನಿಯ ಕ್ಲಬ್ಬಿನ ಪಟ್ಟಿಯಲ್ಲಾದರೆ ಅವರು ಆಗಲೇ ಪುರುಷರು 40 ವರ್ಗದವರು.

ಆದರೆ ಆ ಕ್ಲಬ್ಬುಗಳ ಲೆಕ್ಕ ಈಗ ಸುಲಭವಾಗಿಲ್ಲ. 23 ಲಕ್ಷ ಇದ್ದ ಸದಸ್ಯರು ಸುಮಾರು 14-15 ಲಕ್ಷಕ್ಕೆ ಇಳಿದಿದ್ದಾರೆ. ಒಂದೇ ಊರಿನಿಂದ ತಂಡ ಕಟ್ಟಲಾಗದ ಕಡೆ ಎರಡು ಕ್ಲಬ್ಬುಗಳು ಸೇರಿ ಜಂಟಿ ತಂಡ ಮಾಡುತ್ತವೆ. ನಿನ್ನೆಯ ಎದುರಾಳಿ ಇಂದು ಡಬಲ್ಸ್ ಜೊತೆಗಾರ. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧದಿಂದ ಅನಿಲದ ಬೆಲೆ ಏರಿದಾಗ ಹಾಲ್‌ಗಳನ್ನು ಬಿಸಿ ಮಾಡುವ ಖರ್ಚೂ ಏರಿತು. ಹಿರಿಯರ ತಂಡಗಳು ತುಂಬಿ, ಹದಿಹರೆಯದವರ ತಂಡಕ್ಕೆ ಜನ ಸಾಲದೆ ಇರುವ ಕ್ಲಬ್ಬುಗಳೂ ಇವೆ. ಅಂಥ ಕಡೆ ವಾರ್ಷಿಕ ಸಭೆಯಲ್ಲಿ ಖಜಾಂಚಿ ಹುದ್ದೆಗೆ ಯಾರು ಎಂದು ಕೇಳಿದಾಗ ಎಲ್ಲರೂ ಮೇಜು ನೋಡುತ್ತಾ ಕೂರುತ್ತಾರೆ, ಕೊನೆಗೆ 65ರ ತಂಡದ ಯಾರೋ ಒಬ್ಬರು ಕೈ ಎತ್ತುತ್ತಾರೆ.

ಮಾರ್ಚ್ ಕೊನೆಗೆ ಲೀಗ್ ಮುಗಿಯುತ್ತದೆ. ಹಾಲ್‌ಗೆಂದೇ ಇಟ್ಟಿದ್ದ ನುಣುಪು ಅಡಿಯ ಶೂಗಳು ಪೆಟ್ಟಿಗೆ ಸೇರುತ್ತವೆ. ಆಮೇಲೆ ಶ್ರಮದಾನದ ದಿನ. ವರ್ಷಕ್ಕೆ ಇಷ್ಟು ಗಂಟೆ ಕ್ಲಬ್ಬಿಗೆ ದುಡಿಯಬೇಕು, ಇಲ್ಲವೇ ದುಡ್ಡು ಕಟ್ಟಬೇಕು ಎಂಬ ನಿಯಮ ಅನೇಕ ಕಡೆ ಇದೆ. ಚಳಿಗೆ ಸಡಿಲಾದ ಹಳೆಯ ಪದರವನ್ನು ಕೆರೆದು ತೆಗೆಯುತ್ತಾರೆ, ಒಂದು ಅಂಕಣಕ್ಕೆ ಸುಮಾರು ಎರಡು ಟನ್ ಹೊಸ ಇಟ್ಟಿಗೆ ಪುಡಿ ಸುರಿದು ಹರಡುತ್ತಾರೆ, ನೀರು ಹಾಕಿ ರೋಲರ್ ಎಳೆಯುತ್ತಾರೆ. ರೋಲರ್ ಎಳೆಯುವವರಲ್ಲಿ ಅರ್ಧಕ್ಕರ್ಧ ಜನ ಚಳಿಗಾಲವಿಡೀ ಲೀಗ್ ಆಡಿದ ಅದೇ ಹಿರಿಯರು. ಮೇ ತಿಂಗಳಲ್ಲಿ ಬೇಸಿಗೆಯ ಪಂದ್ಯಗಳು ಶುರು.