ಬೆಟ್ಟದ ಹದ್ದು, ಊರಿನ ಕೊಟ್ಟಿಗೆ

ರಾಮನಗರದ ರಾಮದೇವರ ಬೆಟ್ಟ ಅಂದ್ರೆ ಬೆಂಗಳೂರಿನವರಿಗೆ ಮೊದಲು ನೆನಪಾಗೋದು ಗಬ್ಬರ್ ಸಿಂಗ್. 1975ರಲ್ಲಿ ತೆರೆಗೆ ಬಂದ ‘ಶೋಲೆ’ಗಾಗಿ ಕಟ್ಟಿದ ರಾಮಗಢದ ಸೆಟ್ ಈಗಿಲ್ಲ. ಊರಿನ ಹೆಸರೂ ನಿಂತ ಕಡೆ ನಿಂತಿಲ್ಲ: ಒಂದು ಕಾಲಕ್ಕೆ ಕ್ಲೋಸ್‌ಪೇಟೆ, ಆಮೇಲೆ ರಾಮನಗರ, 2025ರಿಂದ ಜಿಲ್ಲೆಗೆ ಬೆಂಗಳೂರು ದಕ್ಷಿಣ. ಸಿನಿಮಾದವರಿಗಿಂತ ಮುಂಚೆಯೇ ಆ ಬಂಡೆಗಳಲ್ಲಿ ಮನೆ ಮಾಡಿದ್ದ ಉದ್ದ ಕೊಕ್ಕಿನ ರಣಹದ್ದು ಮಾತ್ರ, ಬೆರಳೆಣಿಕೆಯಷ್ಟಾದರೂ, ಅಲ್ಲೇ ಉಳಿದಿದೆ.

ಕಡಿದಾದ ಬಂಡೆಯ ಚಾಚಿನಲ್ಲಿ ಗೂಡು, ವರ್ಷಕ್ಕೆ ಒಂದೇ ಮೊಟ್ಟೆ. ಊಟ ಮಾತ್ರ ಊರಿಂದ ಸಿಗಬೇಕು. ಹಿಂದೆಲ್ಲ ಎತ್ತೋ ಹಸುವೋ ಸತ್ತರೆ ಊರಾಚೆ ಎಳೆದು ಹಾಕ್ತಿದ್ರು. ಹದ್ದುಗಳು ಹಿಂಡಾಗಿ ಇಳಿದು ಮೂಳೆಯಷ್ಟನ್ನೇ ಬಿಟ್ಟು ಹೋಗ್ತಿದ್ದವು. ಇದನ್ನ ಯಾರೂ ‘ಸಂರಕ್ಷಣೆ’ ಅಂತ ಕರೀಲಿಲ್ಲ, ಬಿಡಿ.

1990ರ ದಶಕದಲ್ಲಿ ದೇಶದ ಉದ್ದಗಲಕ್ಕೂ ರಣಹದ್ದುಗಳು ಸಾಯತೊಡಗಿದವು. ರೋಗವಿರಬೇಕು ಅಂತ ಹುಡುಕಿದ್ದೇ ಹುಡುಕಿದ್ದು. ಉತ್ತರ ಸಿಕ್ಕಿದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ: ಡೈಕ್ಲೋಫಿನ್ಯಾಕ್. ನಾವು ಬೆನ್ನುನೋವಿಗೆ ನುಂಗೋ ಅದೇ ಔಷಧ! ನೋವಿನಲ್ಲಿರೋ ಹಸುವಿಗೆ ಅದರ ಇಂಜೆಕ್ಷನ್ ಕೊಟ್ಟು, ಹಸು ಬೇಗ ಸತ್ತರೆ ಔಷಧ ಮಾಂಸದಲ್ಲೇ ಉಳಿಯುತ್ತೆ. ತಿಂದ ಹದ್ದಿಗೆ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾವು. ಒಂದು ಹೆಣಕ್ಕೆ ಹತ್ತಾರು ಹದ್ದು ಮುತ್ತುತ್ತವಲ್ಲ, ಹಾಗಾಗಿ ನೂರರಲ್ಲಿ ಒಂದಕ್ಕಿಂತ ಕಡಿಮೆ ಹೆಣಗಳಲ್ಲಿ ಈ ವಿಷವಿದ್ದರೂ ಸಂತತಿ ಕುಸಿಯಲು ಸಾಕು ಅಂತ ಲೆಕ್ಕ ಹೇಳಿತು.

2006ರಲ್ಲಿ ಜಾನುವಾರುಗಳಿಗೆ ಅದನ್ನ ಕೊಡೋದು ನಿಷೇಧವಾಯ್ತು. ಮನುಷ್ಯರಿಗೆಂದು ಬಂದ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರಿದವು. 2015ರಲ್ಲಿ ಅವಕ್ಕೂ ಕಡಿವಾಣ. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫಿನ್ಯಾಕ್ ಸರದಿ. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಇದೆ.

ಈ ನಡುವೆ 2012ರಲ್ಲಿ ಬೆಟ್ಟದ ಸುಮಾರು 346 ಹೆಕ್ಟೇರ್ ರಣಹದ್ದು ಧಾಮವಾಯ್ತು, ದೇಶದಲ್ಲೇ ಮೊದಲನೆಯದು. ವೀಕೆಂಡ್ ಗದ್ದಲ, ಬಂಡೆ ಹತ್ತೋರ ಹಗ್ಗ, ಕಲ್ಲು ಕ್ವಾರಿ ಇವನ್ನೆಲ್ಲ ಗೂಡಿನಿಂದ ದೂರ ಇಡೋಕೆ ಅದು ಬೇಕೇ ಬೇಕಿತ್ತು. ಆದರೆ ಊಟ ಹುಡುಕುತ್ತಾ ಹತ್ತಾರು ಕಿಲೋಮೀಟರ್ ಹಾರೋ ಹಕ್ಕಿಗೆ 346 ಹೆಕ್ಟೇರ್ ಅಂದ್ರೆ ಬರೀ ಮಲಗೋ ಕೋಣೆ. ಅಡುಗೆಮನೆ ಇರೋದು ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಯ ಹಳ್ಳಿಗಳಲ್ಲಿ. ಅಲ್ಲಿ ಅರಣ್ಯ ಇಲಾಖೆಯ ಬೋರ್ಡು ನಡೆಯಲ್ಲ; ದನ ಸಾಕೋರು ಯಾವ ಇಂಜೆಕ್ಷನ್ ಹಾಕಿಸ್ತಾರೆ, ಸತ್ತ ದನವನ್ನ ಹೂಳ್ತಾರೋ ಬಿಡ್ತಾರೋ ಅನ್ನೋದೇ ಎಲ್ಲ.

ಹೂಳೋದು ತಪ್ಪು ಅಂತಲ್ಲ. ನಾಯಿಕಾಟ, ವಾಸನೆ, ಅಕ್ಕಪಕ್ಕದವರ ಜಗಳ ಯಾರಿಗೆ ಬೇಕು? ವಿಷದ ಔಷಧ ಕೊಟ್ಟಿದ್ದರಂತೂ ಹೂಳಲೇಬೇಕು. ಆದರೆ ಔಷಧ ಸೋಕದ ದನವನ್ನೂ ಹೂತರೆ ಹದ್ದಿಗೆ ಉಪವಾಸ. ಅದನ್ನ ಬೆಟ್ಟದ ಹತ್ತಿರ ಸಾಗಿಸೋಕೆ ಟೆಂಪೋ ಬಾಡಿಗೆ ಯಾರು ಕೊಡ್ತಾರೆ? ರೈತನ ತಲೆಗೇ ಕಟ್ಟೋದು ಅನ್ಯಾಯ. ಬೆಳಿಗ್ಗೆ ಸಂಜೆ ಹಾಲು ಹಾಕೋಕೆ ಊರೆಲ್ಲ ಸೇರೋ ಡೇರಿಯಿಂದಲೇ ಈ ಲೆಕ್ಕ ಶುರುವಾಗಬೇಕು ಅನ್ಸುತ್ತೆ ನನಗೆ. ಯಾರ ಹಸುವಿಗೆ ಏನು ಕಾಯಿಲೆ, ಯಾವ ಡಾಕ್ಟ್ರು ಏನು ಕೊಟ್ರು ಅನ್ನೋದೆಲ್ಲ ಅಲ್ಲಿನ ಸಾಲಿನಲ್ಲಿ ನಿಂತವರಿಗೆ ಗೊತ್ತಿರುತ್ತೆ.