ಅಮೆರಿಕದ ಕ್ಯಾಥೊಲಿಕ್ ಪ್ರೌಢಶಾಲೆ: ಓದು, ಸೇವೆ, ಕ್ರೀಡೆ

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಥೊಲಿಕ್ ಪ್ರೌಢಶಾಲೆಗಳನ್ನು ಧರ್ಮಪ್ರಾಂತ್ಯಗಳೂ ಜೆಸ್ವಿಟ್, ಲಸಾಲ್ ಸಹೋದರರಂಥ ಧಾರ್ಮಿಕ ಸಭೆಗಳೂ ನಡೆಸುತ್ತವೆ. ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಇಲ್ಲಿ ಪಾಠ ನಡೆಯುತ್ತದೆ. ಓದು, ಸೇವೆ, ಕ್ರೀಡೆ ಮೂರನ್ನೂ ಇವು ಒಟ್ಟಿಗೇ ಹೇಳಿಕೊಳ್ಳುವುದರಿಂದ, ಮೂರೂ ಮೊದಲಿನಿಂದ ಜೊತೆಯಾಗಿಯೇ ಬಂದವೆಂಬ ಭಾವನೆ ಮೂಡುತ್ತದೆ. ಚರಿತ್ರೆಯನ್ನು ನೋಡಿದರೆ ಹಾಗಿಲ್ಲ. ಓದು ಹದಿನಾರನೆಯ ಶತಮಾನದ ಯುರೋಪಿನದು. ಕ್ರೀಡೆ ಇಪ್ಪತ್ತನೆಯ ಶತಮಾನದ ಅಮೆರಿಕದ ನಗರಗಳದು. ಶಾಲೆ ಮುಗಿಸಲು ಇಷ್ಟು ಗಂಟೆ ಸೇವೆ ಮಾಡಲೇಬೇಕೆಂಬ ನಿಯಮ ಬೇರೂರಿದ್ದು 1970ರ ದಶಕದ ನಂತರ. ಒಂದೊಂದೂ ಆಯಾ ಕಾಲದ ಒತ್ತಡಕ್ಕೆ ಸಮುದಾಯ ಕೊಟ್ಟ ಉತ್ತರ.

ಜೆಸ್ವಿಟ್ ಸಭೆ 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಗೃಹಸ್ಥರ ಮಕ್ಕಳಿಗಾಗಿಯೂ ಶಾಲೆ ತೆರೆಯಿತು. 1599ರ ‘ರಾಷಿಯೊ ಸ್ಟುಡಿಯೋರಮ್’ ಎಂಬ ಕೈಪಿಡಿ ತರಗತಿಗಳ ಕ್ರಮ, ಲ್ಯಾಟಿನ್ ಮತ್ತು ಗ್ರೀಕ್ ಪಾಠ, ಪರೀಕ್ಷೆ, ವಾದಸ್ಪರ್ಧೆಗಳನ್ನೆಲ್ಲ ಗೊತ್ತುಪಡಿಸಿತು. ಇಟಲಿಯ ಜೆಸ್ವಿಟರು 1880ರಲ್ಲಿ ಮಂಗಳೂರಿನಲ್ಲಿ ತೆರೆದ ಸಂತ ಅಲೋಶಿಯಸ್ ಸಂಸ್ಥೆಯೂ ಇದೇ ಪರಂಪರೆಯದು. ಅಮೆರಿಕದಲ್ಲಿ ಕ್ಯಾಥೊಲಿಕ್ ಶಿಕ್ಷಣ ದುಡಿಯುವ ಜನರ ಮನೆಗಳನ್ನು ಮುಟ್ಟಿದ್ದು ಮಾತ್ರ ವಲಸೆಗಾರರ ಸಂಕಟದಿಂದ. ಸರ್ಕಾರಿ ಶಾಲೆಗಳಲ್ಲಿ ಪ್ರಾಟೆಸ್ಟೆಂಟರ ಬೈಬಲ್ ಓದಿಸುತ್ತಿದ್ದರು. ಅದರ ಸುತ್ತಲಿನ ಜಗಳ 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಗಲಭೆಗೆ ತಿರುಗಿ ಚರ್ಚುಗಳು ಸುಟ್ಟುಹೋದವು. 1884ರ ಬಾಲ್ಟಿಮೋರ್ ಧರ್ಮಸಭೆ, ಪ್ರತಿ ಚರ್ಚಿನ ಬಳಿಯೂ ಎರಡು ವರ್ಷದೊಳಗೆ ಶಾಲೆ ಏಳಬೇಕೆಂದು ವಿಧಿಸಿತು. ಫಿಲಡೆಲ್ಫಿಯಾದಲ್ಲೇ 1890ರಲ್ಲಿ ಶುಲ್ಕವಿಲ್ಲದ ರೋಮನ್ ಕ್ಯಾಥೊಲಿಕ್ ಹೈಸ್ಕೂಲ್ ಆರಂಭವಾಯಿತು. ಮಕ್ಕಳು ಸರ್ಕಾರಿ ಶಾಲೆಗೇ ಹೋಗಬೇಕೆಂಬ ಆರೆಗಾನ್ ರಾಜ್ಯದ 1922ರ ಕಾನೂನನ್ನು ಸುಪ್ರೀಂ ಕೋರ್ಟ್ 1925ರಲ್ಲಿ ತಳ್ಳಿಹಾಕಿದ ಮೇಲೆ ಈ ಶಾಲೆಗಳ ಅಸ್ತಿತ್ವ ಭದ್ರವಾಯಿತು.

ಆ ತೀರ್ಪು ಹಕ್ಕನ್ನು ಉಳಿಸಿತು. ‘ಇವರು ನಮ್ಮವರಲ್ಲ’ ಎಂಬ ಅನುಮಾನವನ್ನು ಅಳಿಸಲಿಲ್ಲ. ಆ ಕೆಲಸ ಬಹುಮಟ್ಟಿಗೆ ಮೈದಾನದ ಪಾಲಿಗೆ ಬಂತು. ಷಿಕಾಗೊದ ಸಹಾಯಕ ಬಿಷಪ್ ಬರ್ನಾರ್ಡ್ ಶೀಲ್ 1930ರಲ್ಲಿ ಕ್ಯಾಥೊಲಿಕ್ ಯುವಜನ ಸಂಘ ಕಟ್ಟಿ ಬಾಕ್ಸಿಂಗ್, ಬ್ಯಾಸ್ಕೆಟ್‌ಬಾಲ್‌ಗಳ ಮೂಲಕ ಬೀದಿಯ ಹುಡುಗರನ್ನು ಸೆಳೆದರು. ಅದೇ ನಗರದಲ್ಲಿ 1937ರಲ್ಲಿ ಸರ್ಕಾರಿ ಆಸ್ಟಿನ್ ಶಾಲೆಗೂ ಕ್ಯಾಥೊಲಿಕ್ ಲಿಯೊ ಶಾಲೆಗೂ ನಡೆದ ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಲಿಯೊ ಸೋತಿತು, ಆದರೂ ನಗರದ ಹಬ್ಬವೊಂದರಲ್ಲಿ ಸರಿಸಮನಾಗಿ ನಿಂತದ್ದೇ ಅದರ ಗಳಿಕೆ. ಕ್ಯಾಲಿಫೋರ್ನಿಯದ ಕಾನ್‌ಕಾರ್ಡ್‌ನ ಡೆ ಲಸಾಲ್ ಶಾಲೆ 1992ರಿಂದ 2004ರವರೆಗೆ ಸತತ 151 ಫುಟ್‌ಬಾಲ್ ಪಂದ್ಯ ಗೆದ್ದಾಗ ಸರಿಸಮನಾಗುವ ಆ ಹಂಬಲ ಪ್ರಾಬಲ್ಯವಾಗಿ ಬೆಳೆದಿತ್ತು. ಸರ್ಕಾರಿ ಶಾಲೆಗಳಿಗಿರುವ ವಾಸಸ್ಥಳದ ಮಿತಿ ಇವಕ್ಕಿಲ್ಲ, ಆಟಗಾರರನ್ನು ಎಲ್ಲಿಂದಲಾದರೂ ಸೇರಿಸಿಕೊಳ್ಳುತ್ತವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ನ್ಯೂ ಜೆರ್ಸಿಯಲ್ಲಿ ಇಂಥ ಶಾಲೆಗಳಿಗೆ ಪ್ರತ್ಯೇಕ ಪ್ರಶಸ್ತಿ ವಿಭಾಗವೇ ಇದೆ. ಆದರೆ ಗೆಲುವು ಶಾಲೆಯನ್ನು ಉಳಿಸುತ್ತದೆಂದು ತಿಳಿಯಬಾರದು. ಅದೇ ರಾಜ್ಯದ ಜೆರ್ಸಿ ಸಿಟಿಯ ಸೇಂಟ್ ಆಂತೊನಿ ಶಾಲೆ, ಬಾಬ್ ಹರ್ಲಿ ತರಬೇತಿಯಲ್ಲಿ 28 ರಾಜ್ಯ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದೂ, ಹಣವಿಲ್ಲದೆ 2017ರಲ್ಲಿ ಬಾಗಿಲು ಹಾಕಿತು.

ವಲಸೆಗಾರರ ಮೊಮ್ಮಕ್ಕಳು ಸ್ಥಿತಿವಂತರಾದಾಗ ಬೇರೊಂದು ಪ್ರಶ್ನೆ ಎದ್ದಿತು. ಜೆಸ್ವಿಟ್ ಸಭೆಯ ಮುಖ್ಯಸ್ಥ ಪೆದ್ರೊ ಅರೂಪೆ 1973ರಲ್ಲಿ ಸ್ಪೇನಿನ ವಲೆನ್ಸಿಯದಲ್ಲಿ ಹಳೆಯ ವಿದ್ಯಾರ್ಥಿಗಳ ಮುಂದೆ, ನಮ್ಮ ಶಾಲೆಗಳು ನಿಮ್ಮನ್ನು ನ್ಯಾಯಕ್ಕಾಗಿ ತಯಾರು ಮಾಡಲಿಲ್ಲವೆಂದು ಒಪ್ಪಿಕೊಂಡು, ಪರರಿಗಾಗಿ ಬಾಳುವವರನ್ನು ರೂಪಿಸುವುದೇ ಗುರಿಯೆಂದರು. ಸೇವೆ ಅದಕ್ಕಿಂತ ಹಳೆಯದಲ್ಲವೇ ಎಂದು ಕೇಳಬಹುದು: ರೋಮಿನಲ್ಲಿ 1563ರಲ್ಲಿ ಹುಟ್ಟಿದ ಮರಿಯಮ್ಮನ ವಿದ್ಯಾರ್ಥಿ ಸಂಘದ ಪರಂಪರೆಯಲ್ಲಿ ಆಸ್ಪತ್ರೆ, ಸೆರೆಮನೆಗಳ ಭೇಟಿಯೂ ಇತ್ತು. ನಿಜ, ಆದರೆ ಅದು ಭಕ್ತರಾದ ಕೆಲವರ ಐಚ್ಛಿಕ ವ್ರತ. ಈಗಿನದು ಎಲ್ಲರಿಗೂ ಅನ್ವಯಿಸುವ ಶಾಲೆಯ ನಿಯಮ. ಬಲವಂತದ ಸೇವೆ ಸೇವೆಯೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಗಂಟೆ ಲೆಕ್ಕ ಕರುಣೆಯನ್ನು ಹುಟ್ಟಿಸಲಾರದು. ಆದರೆ ಗಣಿತವನ್ನೂ ನಾವು ಮಕ್ಕಳ ಇಚ್ಛೆಗೆ ಬಿಡುವುದಿಲ್ಲ. ಬಡತನದ ಮುಖಾಮುಖಿಯೂ ಕಲಿಕೆಯ ಭಾಗವೆಂದು ಒಪ್ಪಿದರೆ ಕಡ್ಡಾಯಕ್ಕೆ ಅರ್ಥವಿದೆ.

ಓದಿನ ಫಲದ ಬಗೆಗೂ ವಿವಾದವಿದೆ. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತು ಸಂಗಡಿಗರು 1982ರಲ್ಲಿ ಕ್ಯಾಥೊಲಿಕ್ ಶಾಲೆಗಳ ಮಕ್ಕಳು ಮುಂದಿದ್ದಾರೆಂದರು. ಬ್ರೈಕ್, ಲೀ, ಹಾಲೆಂಡ್ 1993ರಲ್ಲಿ ಎಲ್ಲರಿಗೂ ಒಂದೇ ಬಿಗಿಯಾದ ಪಠ್ಯಕ್ರಮವಿರುವುದನ್ನೂ ಸಮುದಾಯದ ಬಂಧವನ್ನೂ ಅದಕ್ಕೆ ಕಾರಣವಾಗಿ ಕಂಡರು. ಓದುವ ಮನೆಯ ಮಕ್ಕಳೇ ಅಲ್ಲಿ ಸೇರುತ್ತಾರೆಂಬ ಟೀಕೆಯನ್ನು ಪರಿಗಣಿಸಿದ ಆಲ್ಟನ್‌ಜಿ, ಎಲ್ಡರ್, ಟೇಬರ್ ಅವರ 2005ರ ಅಧ್ಯಯನ, ಅಂಕಗಳಲ್ಲಿ ಹೆಚ್ಚಿನ ಪರಿಣಾಮ ಕಾಣದಿದ್ದರೂ ಶಾಲೆ ಪೂರ್ಣಗೊಳಿಸುವವರ ಪ್ರಮಾಣದಲ್ಲಿ ಗಣನೀಯ ಪರಿಣಾಮ ಕಂಡಿತು. ಎಂದರೆ ಈ ಶಾಲೆಗಳ ಬಲ ಜಾಣರನ್ನು ಮತ್ತಷ್ಟು ಜಾಣರಾಗಿಸುವುದರಲ್ಲಿಲ್ಲ, ಮಕ್ಕಳನ್ನು ಕೈಬಿಡದೆ ದಾಟಿಸುವುದರಲ್ಲಿದೆ. ಆದರೆ ಆ ಬಲ ಅಗ್ಗದ ಸಂಬಳಕ್ಕೆ ದುಡಿದ ಕನ್ಯಾಸ್ತ್ರೀಯರು, ಸಹೋದರರ ಮೇಲೆ ನಿಂತಿತ್ತು. ಅವರ ಸಂಖ್ಯೆ ಕುಸಿದು ಶುಲ್ಕ ಏರಿದಂತೆ, 1960ರ ದಶಕದಲ್ಲಿ ಎಲ್ಲ ಹಂತಗಳೂ ಸೇರಿ 50 ಲಕ್ಷ ದಾಟಿದ್ದ ಕ್ಯಾಥೊಲಿಕ್ ಶಾಲಾಮಕ್ಕಳ ಸಂಖ್ಯೆ ಈಗ 20 ಲಕ್ಷದ ಕೆಳಗಿದೆ. ಷಿಕಾಗೊದಲ್ಲಿ 1996ರಲ್ಲಿ ಶುರುವಾದ ಕ್ರಿಸ್ತೊ ರೇ ಶಾಲೆ, ವಿದ್ಯಾರ್ಥಿಗಳು ತಿಂಗಳಿಗೆ ಸುಮಾರು ಐದು ದಿನ ಕಚೇರಿಗಳಲ್ಲಿ ದುಡಿದು ಶುಲ್ಕದ ಬಹುಪಾಲು ಗಳಿಸುವ ದಾರಿ ತೋರಿಸಿದೆ. ಆ ಮಾದರಿಯ ಶಾಲೆಗಳು ಇಂದು ಮೂವತ್ತಕ್ಕೂ ಹೆಚ್ಚು. ಬಡವರ ಮಕ್ಕಳಿಗೆ ಪ್ರವೇಶವೇ ಕೈಗೆಟುಕದಿದ್ದರೆ ಬಡವರ ಸೇವೆಯ ಗಂಟೆಗಳು ಅಲಂಕಾರವಾಗಿ ಉಳಿಯುತ್ತವೆ. ಆದ್ದರಿಂದ ಈ ಶಾಲೆಗಳ ಓದು, ಸೇವೆ, ಕ್ರೀಡೆಗಳನ್ನು ಅಳೆಯುವ ಮೊದಲು ಅವುಗಳ ಪ್ರವೇಶಪಟ್ಟಿಯನ್ನು ನೋಡಬೇಕು.